ಬಾಣದ ಗುಂಡಿ

ಚೂಟಿಗೆ ಆರು ವರ್ಷ. ಇಲ್ಲಿಯತನಕ ಒಂದು ಮಾತೂ ಆಡಿರಲಿಲ್ಲ. ಅಮ್ಮ ಎಂದಿರಲಿಲ್ಲ, ಹಸಿವು ಎಂದಿರಲಿಲ್ಲ, ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಮನೆಯ ಮುಂಬಾಗಿಲಿಗೆ ಹಾಕಿದ್ದ ಮೂರು ತಡೆಗಳನ್ನೂ ಒಂದಾದ ಮೇಲೊಂದು ಗೆದ್ದು ಕೂತಿತ್ತು ಆ ಹೆಣ್ಣು ಮಗು. ಮೊದಲು ಕೆಳಗಿನ ಚಿಲಕ. ಅದನ್ನು ಮೂರು ತುಂಬುವುದರೊಳಗೇ ತೆಗೆಯಿತು. ಆಮೇಲೆ ಮೇಲಿನ ಚಿಲಕ. ಅದಕ್ಕೆ ಅಮ್ಮನ ಹೊಲಿಗೆಯ ಸ್ಟೂಲನ್ನೇ ಎಳೆದುಕೊಂಡು ಬಂತು. ಆಮೇಲೆ ಬೀಗ. ಬೀಗದ ಕೈಯನ್ನು ಅಮ್ಮ ಗುಂಡಿಗಳ ಡಬ್ಬಿಯಲ್ಲಿ ಮುಚ್ಚಿಟ್ಟರೂ, ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿದರೂ, ಎರಡನೇ ದಿನಕ್ಕೆ ಅದು ಚೂಟಿಯ ಮುಷ್ಟಿಯಲ್ಲಿರುತ್ತಿತ್ತು. ಮನೆಯ ಮೂರು ಜನ ದೊಡ್ಡವರಿಗೂ ಚಳ್ಳೆಹಣ್ಣು ತಿನ್ನಿಸಿದ ಈ ಮಗುವಿಗೆ ಏನೂ ತಿಳಿಯುವುದಿಲ್ಲ ಎಂದು ತಲೆಯಾಡಿಸುವವರು ಊರು ತುಂಬ ಇದ್ದರು. ಅವರ ಮನೆಯ ಬೀಗಗಳನ್ನು ಒಂದು ದಿನದ ಮಟ್ಟಿಗೆ ಚೂಟಿಯ ಕೈಗೆ ಕೊಡಬೇಕಿತ್ತು.

ಬೀದಿಯ ಕೊನೆಗೆ ಮರದ ಅಡ್ಡೆ, ಅಡ್ಡೆಯ ಹಿಂದೆ ಕಾಲುವೆ. ಮನೆಯಿಂದ ಅಲ್ಲಿಗೆ ಮುನ್ನೂರ ಐವತ್ತು ಹೆಜ್ಜೆ. ಚೂಟಿಯ ಅಮ್ಮ ಎಣಿಸಿದ್ದಳು. ಮಗುವಿಗೆ ನೀರೆಂದರೆ ಪ್ರಾಣ. ನಲ್ಲಿಯಲ್ಲಿ ನೀರು ಬಿಟ್ಟರೆ ಮನೆಯ ಯಾವ ಮೂಲೆಯಲ್ಲಿದ್ದರೂ ಬಂದು ನಿಲ್ಲುತ್ತಿತ್ತು. ಬೀಗ ತೆಗೆದು ಹೊರಟುಹೋದ ದಿನ ಅದನ್ನು ಅಂಚೆಯವನು ಎತ್ತಿಕೊಂಡು ಬಂದಿದ್ದ. ಎರಡೂ ಪಾದ ಒದ್ದೆ.

"ಮೆಟ್ಟಿಲ ಮೇಲೆ ನಿಂತಿತ್ತು ಅಕ್ಕ. ಇನ್ನೊಂದು ಮೆಟ್ಟಿಲು ಇಳಿದಿದ್ರೆ..." ಎಂದು ಅವನು ಉಳಿದದ್ದನ್ನು ನುಂಗಿಕೊಂಡ.

ಅವನು ನುಂಗಿದ್ದು ಅವಳ ಗಂಟಲಿಗೆ ಸಿಕ್ಕಿಕೊಂಡಿತು. ಅಂದಿನಿಂದ ಅವಳು ಪರದೆ ಹೊಲಿಯುವಾಗ ಒಂದು ಕಿವಿ ಮಿಷನ್ನಿನ ಕಡೆ, ಇನ್ನೊಂದು ಬಾಗಿಲ ಕಡೆ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲು ಅರ್ಧ ತೆರೆದೇ ಇರಬೇಕು. ತುಸು ಹೊತ್ತು ಮಗುವಿನ ಹೆಜ್ಜೆ ಸಪ್ಪಳ ಕೇಳಿಸದಿದ್ದರೆ ಎದ್ದು ಹೋಗಿ ನೋಡುತ್ತಿದ್ದಳು.

"ಇನ್ನೆರಡು ಬೀಗ ಜಡಿಯೋಣ" ಎಂದಳು ಗಂಡನಿಗೆ. ಅವನು ಲಾರಿ ಓಡಿಸುವವನು, ವಾರದಲ್ಲಿ ನಾಲ್ಕು ದಿನ ದಾರಿಯ ಮೇಲೆ.

"ಜಡಿದು? ಒಳಗೆ ಬೆಂಕಿ ಹತ್ತಿಕೊಂಡ್ರೆ ಅಪ್ಪ ಆ ನಡುಗೋ ಕೈಲಿ ಎಷ್ಟು ಬೀಗ ತೆಗೀತಾರೆ? ಬೀಗ ಬೇಡ. ಬಾಗಿಲು ತೆಗೆದ್ರೆ ಕೂಗೋ ಅಂಥದ್ದು ಹಾಕಿಸೋಣ."

ಹಾಗೆ ಆ ಮನೆಗೆ ಅಲಾರಂ ಬಂತು.

ಹಾಕಲು ಬಂದವನು ಚೌಕಟ್ಟಿಗೊಂದು, ಬಾಗಿಲಿಗೊಂದು ಬೆರಳುದ್ದದ ಬಿಳಿ ತುಂಡು ಅಂಟಿಸಿದ. ಎರಡೂ ಒಂದಕ್ಕೊಂದು ಅಂಟಿದ ಹಾಗಿದ್ದರೆ ಮನೆ ತೆಪ್ಪಗಿರುತ್ತದೆ. ದೂರ ಸರಿದರೆ ಸೂರಿನ ಕೆಳಗಿನ ಸೈರನ್ ಬಾಯಿ ಬಿಡುತ್ತದೆ. ನಂಬರ್ ಗುಂಡಿಗಳ ಕೀಪ್ಯಾಡನ್ನು ಹಜಾರದ ಒಳತುದಿಯಲ್ಲಿ, ಹೊಲಿಗೆ ಕೋಣೆಯ ಪಕ್ಕದ ಗೋಡೆಗೆ ಹೊಡೆದ. ಪ್ಲಗ್ಗು ಇದ್ದದ್ದು ಅಲ್ಲೇ. ಅಲ್ಲಿಂದ ಮುಂಬಾಗಿಲಿಗೆ ಹನ್ನೊಂದು ಹೆಜ್ಜೆ.

"ಮಿಕ್ಕ ಸೆಟ್ಟಿಂಗ್ ಎಲ್ಲ ಈ ಪುಸ್ತಕದಲ್ಲಿದೆ ಅಕ್ಕ. ತುಂಬಾ ಸುಲಭ" ಎಂದು ಎಪ್ಪತ್ತು ಪುಟದ ಪುಸ್ತಕ ಅವಳ ಕೈಗಿಟ್ಟು ಕಾಲಿಗೆ ಬುದ್ಧಿ ಹೇಳಿದ. ಅಷ್ಟು ಸುಲಭವಾಗಿದ್ದರೆ ಎಪ್ಪತ್ತು ಪುಟ ಯಾಕೆ ಎಂದು ಕೇಳುವುದರೊಳಗೆ ಅವನ ಗಾಡಿ ತಿರುವಿನಲ್ಲಿತ್ತು.

ಪರೀಕ್ಷೆ ಮಾಡೋಣವೆಂದು ಅವಳೇ ಬಾಗಿಲು ತೆರೆದಳು. ಸೂರಿನ ಕೆಳಗಿನಿಂದ ಸೈರನ್ ಅರಚಿತು. ಹಜಾರದಲ್ಲಿ ಓಡುತ್ತಿದ್ದ ಚೂಟಿ ಇದ್ದಲ್ಲೇ ಕುಕ್ಕರಿಸಿತು. ಎರಡೂ ಅಂಗೈ ಕಿವಿಗೆ ಒತ್ತಿಕೊಂಡು, ಮೊಣಕೈಗಳನ್ನು ಮಂಡಿಗೆ ಊರಿ, ಮುದ್ದೆಯಾಗಿ ಕೂತುಬಿಟ್ಟಿತು. ಎತ್ತಿಕೊಳ್ಳಲು ಹೋದರೆ ಕಲ್ಲಿನ ಹಾಗೆ ಬಿಗಿ. ಆರಿಸುವುದು ಯಾರಿಗೂ ಬಾರದೆ ಸೈರನ್ ನಾಲ್ಕು ನಿಮಿಷ ಪೂರ್ತಿ ಕೂಗಿತು. ನಾಲ್ಕು ನಿಮಿಷವೂ ಮಗು ಕದಲಲಿಲ್ಲ. ಸದ್ದು ನಿಂತ ಮರುಕ್ಷಣ ಎದ್ದು, ಏನೂ ಆಗಿಲ್ಲವೆಂಬಂತೆ ಓಟ ಮುಂದುವರಿಸಿತು.

"ಕೀಲಿ ತಿರುಗಿಸಿದ ಹಾಗೆ ಎದ್ದುಬಿಟ್ಲಲ್ಲ!" ಎಂದರು ಮಾವ, ಬೆರಗಾಗಿ.

ಪಕ್ಕದ ಮನೆಯವರು ಮಕ್ಕಳಿಗೆ ತುತ್ತೂರಿ ಕಲಿಸುವ ಮೇಷ್ಟ್ರು. ಬೆಳಗಿನಿಂದ ಸಂಜೆಯತನಕ ಅವರ ಮನೆಯಿಂದ ಹೊರಡುವ ಅಪಸ್ವರಗಳನ್ನು ಬೀದಿಯೆಲ್ಲ ಸಹಿಸಿಕೊಂಡಿತ್ತು. ಅವರು ಕಾಂಪೌಂಡಿನ ಮೇಲೆ ತಲೆ ಹಾಕಿ, "ಇದೇನಮ್ಮ ಗಲಾಟೆ! ಮನುಷ್ಯರು ಬದುಕೋದು ಬೇಡ್ವಾ?" ಎಂದರು. ಅವಳು ನಗು ತಡೆದುಕೊಂಡು ಪುಸ್ತಕ ತೆಗೆದಳು. ಸೈರನ್ ಎಷ್ಟು ಹೊತ್ತು ಕೂಗಬೇಕು ಎಂಬ ಸೆಟ್ಟಿಂಗ್ ಹುಡುಕಿ ನಾಲ್ಕು ನಿಮಿಷವನ್ನು ಎರಡಕ್ಕೆ ಇಳಿಸಿದಳು. ಮೇಷ್ಟ್ರಿಗಿಂತ ಹೆಚ್ಚಾಗಿ, ಆ ಮುದ್ದೆಯಾಗಿ ಕೂತ ಮಗುವನ್ನು ಅಷ್ಟು ಹೊತ್ತು ನೋಡಲು ಅವಳಿಂದ ಆಗಿರಲಿಲ್ಲ.

ಅಲಾರಂ ಹಗಲೂ ರಾತ್ರಿಯೂ ಚಾಲೂ ಇರಬೇಕು, ಬಾಗಿಲು ಕೂದಲೆಳೆಯಷ್ಟು ಸರಿದರೂ ತಕ್ಷಣ ಕೂಗಬೇಕು, ಇದು ಅವಳ ಕಟ್ಟಪ್ಪಣೆ. ಹೊರಗೆ ಹೋಗುವವರು ನಾಲ್ಕಂಕಿಯ ಕೋಡ್ ಒತ್ತಿ ಆರಿಸಿ ಹೋಗಬೇಕು, ಹೋದ ಮೇಲೆ ಒಳಗಿದ್ದವರು ಮತ್ತೆ ಹಾಕಬೇಕು. ಬಂದವರು ಬೆಲ್ ಮಾಡಿದರೆ ಅವಳೇ ಆರಿಸಿ ಬಾಗಿಲು ತೆಗೆಯುತ್ತಾಳೆ. ಎಲ್ಲ ಸರಿಯಾಗಿತ್ತು, ಮಾವನೊಬ್ಬರನ್ನು ಬಿಟ್ಟು.

ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕೂದಲಿಗಿಂತ ಸಣ್ಣ ಸ್ಪ್ರಿಂಗುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸಿದ ಕೈಗಳು ಈಗ ನೀರಿನ ಲೋಟ ಹಿಡಿದರೆ ಅರ್ಧ ಚೆಲ್ಲುತ್ತಿದ್ದವು. ನಡೆಯಲು ನಾಲ್ಕು ಕಾಲಿನ ವಾಕರ್ ಬೇಕು. ಆದರೂ ದಿನಾ ಸರಿಯಾಗಿ ನಾಲ್ಕು ಗಂಟೆಗೆ ಮನೆ ಬಿಟ್ಟು, ಬೀದಿಯ ಮೂಲೆಯ ಬೆಂಚಿನ ಮೇಲೆ ಒಂದು ಗಂಟೆ ಕೂತು, ಹೋಗುವ ಬರುವವರ ಕೈಗಡಿಯಾರ ನೋಡಿ ಟೀಕೆ ಮಾಡಿ ಬರುವುದು ಅವರ ವ್ರತ. ನಾಲ್ಕು ಎಂದರೆ ನಾಲ್ಕು. ಒಂದು ನಿಮಿಷ ಮುಂಚೆಯೂ ಇಲ್ಲ, ಒಂದು ನಿಮಿಷ ತಡವೂ ಇಲ್ಲ.

ಅಲಾರಂ ಬಂದ ಮೇಲೆ ಆ ನಡುಗುವ ಬೆರಳು ಕೋಡ್ ಒತ್ತಲು ಹೋದರೆ ಒಂದರ ಬದಲು ಎರಡು, ಐದರ ಬದಲು ಎಂಟು. ಮೂರು ಸಲ ತಪ್ಪಿದರೆ ಕೀಪ್ಯಾಡ್ ಕೀರಲು ದನಿ ತೆಗೆದು ಮುನಿಸಿಕೊಳ್ಳುತ್ತಿತ್ತು. ಪ್ರತಿದಿನ ಅವಳೇ ಎದ್ದು ಬಂದು ಒತ್ತಬೇಕಾಯಿತು. ಐದನೇ ದಿನ ಮಾವ ನಾಲ್ಕು ಗಂಟೆಗೆ ಹೊರಡಲೇ ಇಲ್ಲ.

"ಇವತ್ತು ಬಿಸಿಲು ಜಾಸ್ತಿ ಅಮ್ಮಾ" ಎಂದರು. ಹೊರಗೆ ಮೋಡ ಕವಿದಿತ್ತು.

ಆರನೇ ದಿನ ಕಾಲು ನೋವು ಎಂದರು. ಏಳನೇ ದಿನ ಏನೂ ಹೇಳದೆ ಗೋಡೆಯ ಕಡೆ ತಿರುಗಿ ಮಲಗಿದರು. ಅವಳು ಅಂದು ಊಟದ ಪಾತ್ರೆ ತೊಳೆದಿಟ್ಟು ಪುಸ್ತಕ ಬಿಚ್ಚಿ ಕೂತಳು. ಹೊಸ ನಮೂನೆಯ ಬಟ್ಟೆ ಕತ್ತರಿಸುವ ಮುಂಚೆ ಅಳತೆ ಪಟ್ಟಿ ಓದುವ ಹಾಗೆ ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಮೂವತ್ತೆಂಟನೇ ಪುಟದಲ್ಲಿ ಸಿಕ್ಕಿತು. ಕೀಪ್ಯಾಡಿನ ಕೆಳಸಾಲಿನಲ್ಲಿ ಒಂದು ಬಾಣದ ಗುರುತಿನ ಗುಂಡಿ ಇದೆ. ಅದನ್ನೊಂದನ್ನು ಒತ್ತಿದರೆ ಸಾಕು, ಕೋಡ್ ಬೇಡ. ಅಲಾರಂ ಆರುವುದಿಲ್ಲ, ಆದರೆ ಗೊತ್ತುಪಡಿಸಿದಷ್ಟು ಹೊತ್ತು ಮುಂಬಾಗಿಲು ತೆರೆದರೂ ಸುಮ್ಮನಿರುತ್ತದೆ. ಅಷ್ಟು ಹೊತ್ತೂ ಪೀಂ ಪೀಂ ಎನ್ನುತ್ತಿರುತ್ತದೆ. ಹೊತ್ತು ಮುಗಿದ ಮೇಲೆ ಒಂದು ಉದ್ದನೆಯ ಪೀಂ, ಮತ್ತೆ ಕಾವಲು.

"ಮಾವ, ಇಲ್ಲಿಂದ ಹೊರಗೆ ಹೋಗಿ ಬಾಗಿಲು ಎಳಕೊಳ್ಳೋಕೆ ನಿಮಗೆಷ್ಟು ಹೊತ್ತು ಬೇಕು?"

ಮಾವ ಎದ್ದು ಕೂತರು. ಮುಖದಲ್ಲಿ ಕಳೆ ಬಂತು. ವಾಕರ್ ಹಿಡಿದು ಹಜಾರದಲ್ಲಿ ಮೂರು ಸಲ ನಡೆದು, ಮೂರು ಸಲವೂ ಕೈಗಡಿಯಾರ ನೋಡಿ, ಅಂಗಡಿಯಲ್ಲಿ ಕೂತಿದ್ದ ಕಾಲದ ಗತ್ತಿನಲ್ಲಿ ತೀರ್ಪು ಕೊಟ್ಟರು: "ಒಂದು ನಿಮಿಷ ಹತ್ತು ಸೆಕೆಂಡು. ನೀನು ಒಂದೂವರೆ ಇಡು, ಕಾಲು ಹಟ ಮಾಡೋ ದಿನಾನೂ ಇರುತ್ತೆ."

ಅವಳು ತೊಂಬತ್ತು ಸೆಕೆಂಡು ಇಟ್ಟಳು. ಬೆನ್ನು ಬಗ್ಗಿದವರಿಗೆ ಕೈಗೆ ಸಿಗಲಿ ಎಂದು ಗಂಡ ಊರಿಗೆ ಬಂದ ದಿನ ಕೀಪ್ಯಾಡನ್ನು ಒಂದು ಗೇಣು ಕೆಳಗಿಳಿಸಿ ಹೊಡೆಸಿದಳು.

"ಈ ಕೆಂಪು ಗುಂಡಿ ಮಾತ್ರ ಮುಟ್ಟಬೇಡಿ ಮಾವ. ಎರಡು ಸೆಕೆಂಡು ಒತ್ತಿ ಹಿಡಿದ್ರೆ ಬಾಗಿಲು ತೆಗೀದಿದ್ರೂ ಸೈರನ್ ಹೊಡ್ಕೊಳ್ಳುತ್ತೆ. ಕಳ್ಳರು ನುಗ್ಗಿದ್ರೆ ಅಂತ ಇಟ್ಟಿರೋದು."

"ನಾನ್ಯಾಕಮ್ಮ ಮುಟ್ಟಲಿ? ನನಗೆ ಬಾಣ ಸಾಕು" ಎಂದು ಮಾವ ನಕ್ಕರು. ವಾರದ ನಂತರ ನಕ್ಕಿದ್ದರು.

ಇಷ್ಟನ್ನೂ ಅವಳು ಮಾಡಿದ್ದು ಪ್ರೀತಿಯಿಂದ. ಅದಕ್ಕೇ ಇರಬೇಕು, ಯಾರ ಕೈಗೆ ಎಟಕುವ ಹಾಗೆ ಇಳಿಸಿದೆ ಎಂದು ಇನ್ನೊಮ್ಮೆ ನಿಂತು ನೋಡಲಿಲ್ಲ.

ಮೂರು ವಾರ ನೆಮ್ಮದಿಯಿಂದ ಕಳೆಯಿತು. ನೆಮ್ಮದಿ ಎಂದರೆ, ಭಯ ಇತ್ತು, ಆದರೆ ಅದಕ್ಕೊಂದು ಕಾವಲುಗಾರ ಇದ್ದ. ದಿನಾ ನಾಲ್ಕಕ್ಕೆ ಹಜಾರದಲ್ಲಿ ಪೀಂ ಪೀಂ ಶುರುವಾಗುತ್ತಿತ್ತು, ವಾಕರಿನ ರಬ್ಬರ್ ಕಾಲುಗಳು ನೆಲಕ್ಕೆ ಊರುವ ಸದ್ದು, ಬಾಗಿಲು ಮುಚ್ಚುವ ಸದ್ದು, ಉದ್ದನೆಯ ಪೀಂ. ಅವಳು ಹೊಲಿಗೆಯಿಂದ ತಲೆ ಎತ್ತದೆಯೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಚೂಟಿ ಆ ಹೊತ್ತಿಗೆ ಎಲ್ಲಿದ್ದರೂ ಬಂದು ಕೀಪ್ಯಾಡಿನ ಕೆಳಗೆ ನಿಲ್ಲುತ್ತಿತ್ತು.

"ನೋಡು, ನನ್ನ ಕಳಿಸಿಕೊಡೋಕೆ ಬರ್ತಾಳೆ" ಎಂದು ಮಾವ ಉಬ್ಬಿಹೋಗಿದ್ದರು. ಕರೆದರೆ ತಿರುಗದ ಮೊಮ್ಮಗಳು ತಾನಾಗಿ ಬಂದು ಪಕ್ಕದಲ್ಲಿ ನಿಂತರೆ ಯಾವ ಅಜ್ಜ ಉಬ್ಬುವುದಿಲ್ಲ? ಮಗು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಬೆರಳನ್ನು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೊಂದು ದಿನ ಅವಳು ಸಭಾಂಗಣವೊಂದರ ಪರದೆ ಹೊಲಿಯುತ್ತಿದ್ದಳು. ಇಪ್ಪತ್ತು ಅಡಿ ಉದ್ದದ ದಪ್ಪ ಬಟ್ಟೆ. ಹೊಲಿಗೆ ನಡುವೆ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಅರ್ಧ ದಾರಿ ಬಂದಿದ್ದಾಗ ಹಜಾರದಲ್ಲಿ ಪೀಂ ಪೀಂ ಕೇಳಿಸಿತು. ಮಾವ ಹೊರಟರು ಅಂದುಕೊಂಡಳು. ಕಣ್ಣು ಗಡಿಯಾರದ ಮೇಲೆ ಹಾಯಿತು. ನಾಲ್ಕಕ್ಕೆ ಇನ್ನೂ ಎಂಟು ನಿಮಿಷ ಇತ್ತು. ಇವತ್ತೇನು ಇಷ್ಟು ಬೇಗ ಎಂದುಕೊಂಡು ಮತ್ತೆ ಸೂಜಿಯ ಕಡೆ ನೋಡಿದಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಪೀಂ ಪೀಂ ನಡೆಯುತ್ತಲೇ ಇತ್ತು. ಆಮೇಲೆ ಉದ್ದನೆಯ ಪೀಂ. ಮನೆ ಭದ್ರವಾಯಿತು. ಅವಳ ಭುಜಗಳು ತಾವಾಗಿ ಸಡಿಲಗೊಂಡವು. ಹೊಲಿಗೆ ಕೊನೆ ಮುಟ್ಟಿತು, ದಾರ ಕತ್ತರಿಸಿದಳು.

"ಅಮ್ಮಾ, ನನ್ನ ಕನ್ನಡಕ ನೋಡಿದ್ಯಾ? ನಾಲ್ಕಾಗ್ತಾ ಬಂತು."

ಮಾವನ ದನಿ. ಮಾವನ ಕೋಣೆಯಿಂದ.

 ಒಂದು ಗಳಿಗೆ ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ವಾಕರ್ ಸದ್ದೇ ಇರಲಿಲ್ಲ. ಪೀಂ ಪೀಂ ಇತ್ತು, ಬಾಗಿಲಿತ್ತು, ನಡುವೆ ರಬ್ಬರ್ ಕಾಲುಗಳ ಸದ್ದು ಇರಲೇ ಇಲ್ಲ.

"ಚೂಟೀ!"

ಕರೆದರೆ ಬರುವ ಮಗುವಲ್ಲ ಎಂದು ಗೊತ್ತಿದ್ದೂ ಕರೆದಳು. ಹಜಾರ ಖಾಲಿ. ಬಚ್ಚಲು ಖಾಲಿ. ಮಂಚದ ಕೆಳಗೆ, ಪರದೆ ಬಟ್ಟೆಯ ರಾಶಿಯ ಹಿಂದೆ, ಅಡುಗೆ ಮನೆಯ ನಲ್ಲಿಯ ಹತ್ತಿರ, ಎಲ್ಲೂ ಇಲ್ಲ. ಮುಂಬಾಗಿಲ ಬಳಿ ಸಾಲಾಗಿ ಇಟ್ಟ ಚಪ್ಪಲಿಗಳಲ್ಲಿ ಹಳದಿ ಜೋಡಿ ಇರಲಿಲ್ಲ. ಕೀಪ್ಯಾಡಿನ ಹಸಿರು ದೀಪ ಎಲ್ಲ ಸುಖವಾಗಿದೆ ಎಂಬಂತೆ ಉರಿಯುತ್ತಿತ್ತು. ಬಾಣದ ಗುಂಡಿಯ ಮೇಲೆ ಎಣ್ಣೆ ಹತ್ತಿದ ಪುಟ್ಟ ಬೆರಳಿನ ಗುರುತು. ಮಧ್ಯಾಹ್ನ ಅವಳೇ ಮಗುವಿನ ಕೈಗೆ ಎಣ್ಣೆ ಹಚ್ಚಿದ್ದಳು.

ಮಾವ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸೊಸೆಯ ಮುಖ ನೋಡಿ ಅವರಿಗೆ ಕನ್ನಡಕವಿಲ್ಲದೆಯೇ ತಿಳಿಯಿತು.

"ಎಷ್ಟು ಹೊತ್ತಾಯ್ತು?" ಎಂದಷ್ಟೇ ಕೇಳಿದರು.

ಅವಳು ಬಾಗಿಲು ಎಳೆದು ಹೊರಗೆ ಹಾರಿದಳು. ಕೋಡ್ ಒತ್ತಿ ಆರಿಸಬೇಕೆಂಬ ನೆನಪು ಯಾರಿಗಿದೆ? ತಲೆಯ ಮೇಲೆ ಸೈರನ್ ಬಾಯಿ ಬಿಟ್ಟಿತು. ಬೀದಿಯ ಕಿಟಕಿಗಳು ತೆರೆದವು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಯಾವ ಹಳದಿಯೂ ಕಾಣಲಿಲ್ಲ. ಪಕ್ಕದ ಗೇಟಿನ ಹಿಂದೆ ಇಣುಕಿದಳು. ಆಮೇಲೆ ಕಾಲುವೆಯ ಕಡೆ ಓಡಿದಳು. ಬರಿಗಾಲು. ಮುನ್ನೂರ ಐವತ್ತು ಹೆಜ್ಜೆ.

ತಿರುವಿನ ಹತ್ತಿರ ಬಂದಾಗ ಅವಳಿಗೆ ಹೊಳೆಯಿತು. ಸೈರನ್ ಕೂಗುತ್ತಿದೆ. ಅಂದರೆ ಮಗು ಎಲ್ಲಿದೆಯೋ ಅಲ್ಲೇ ಕುಕ್ಕರಿಸಿ ಕೂತಿದೆ. ಮಗುವಿನ ಕಿವಿ ಅವಳ ಕಿವಿಗಿಂತ ಹತ್ತು ಪಟ್ಟು ಚುರುಕು, ಕಾಲುವೆಯ ಹತ್ತಿರವಿದ್ದರೂ ಕೇಳಿಸಿಯೇ ಇರುತ್ತದೆ. ಕೂಗಲಿ, ಇನ್ನೂ ಜೋರಾಗಿ ಕೂಗಲಿ. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. ಎರಡು ನಿಮಿಷ. ನಾಲ್ಕು ಇದ್ದದ್ದನ್ನು ಎರಡು ಮಾಡಿದವಳು ಇವಳೇ. ಎಡ ಬಲ ನೋಡಿ, ಗೇಟಿನ ಹಿಂದೆ ಇಣುಕಿ ಎಷ್ಟು ಹೊತ್ತು ಕಳೆದೆ? ಅರ್ಧ ನಿಮಿಷವೋ, ಮುಕ್ಕಾಲೋ? ಅವಳಿಗೆ ಲೆಕ್ಕ ತಪ್ಪಿಹೋಗಿತ್ತು.  ನಿಲ್ಲಬೇಡ, ನಿಲ್ಲಬೇಡ ಎಂದು ಒಂದೊಂದು ಹೆಜ್ಜೆಗೂ ಬೇಡಿಕೊಂಡಳು, ಆ ದರಿದ್ರ ಡಬ್ಬಿಯನ್ನು, ಅದರ ಎಪ್ಪತ್ತು ಪುಟವನ್ನು.

ಮರದ ಅಡ್ಡೆಯ ಬೇಲಿ ಶುರುವಾದಲ್ಲಿ ಸೈರನ್ ನಿಂತಿತು.

ಅಂಥ ನಿಶ್ಶಬ್ದವನ್ನು ಅವಳು ಜೀವಮಾನದಲ್ಲಿ ಕೇಳಿರಲಿಲ್ಲ. ತುತ್ತೂರಿ ಕೂಡ ಸುಮ್ಮನಾಗಿತ್ತು. ಈಗ ಮಗು ಎದ್ದಿರುತ್ತದೆ. ಕೀಲಿ ತಿರುಗಿಸಿದ ಹಾಗೆ ಎದ್ದು, ಮುಂದಿನ ಹೆಜ್ಜೆ ಇಟ್ಟಿರುತ್ತದೆ. ಅವಳ ಬಾಯಿಂದ ಬಂದದ್ದು ಹೆಸರಲ್ಲ, ಬರೀ ಗಾಳಿ. ಬೇಲಿಯ ಕಂಬಿ ಹಿಡಿದುಕೊಂಡಳು. ಕಂಬಿಗಳ ಮೇಲಿನ ಧೂಳಿನಲ್ಲಿ ಒಂದೇ ಎತ್ತರದಲ್ಲಿ ಸಾಲಾಗಿ ಬೆರಳಿನ ಗುರುತುಗಳಿದ್ದವು. ಒಂದೊಂದು ಕಂಬಿಯನ್ನೂ ಬಿಡದೆ ಮುಟ್ಟುತ್ತ ಹೋಗುವುದು ಚೂಟಿಯ ಅಭ್ಯಾಸ. ಗುರುತುಗಳು ಬೇಲಿಯ ಕೊನೆಯವರೆಗೂ ಇದ್ದವು.

ಆಗ ಸೈರನ್ ಮತ್ತೆ ಕೂಗಿತು.

ಯಾಕೆ ಕೂಗಿತು, ಯಾರು ಕೂಗಿಸಿದರು ಎಂದು ಯೋಚಿಸುವಷ್ಟು ತಲೆ ಅವಳಿಗೆ ನೆಟ್ಟಗಿರಲಿಲ್ಲ. ಓಡಿದಳು. ಬೇಲಿ ಮುಗಿದು ಕಾಲುವೆಯ ಮೆಟ್ಟಿಲು ಕಾಣಿಸಿತು. ಕೊನೆಯ ಮೆಟ್ಟಿಲ ಮೇಲೆ, ಬೆನ್ನು ಈ ಕಡೆ ಮಾಡಿ, ಅಂಗೈ ಕಿವಿಗೆ ಒತ್ತಿಕೊಂಡು, ಮುದ್ದೆಯಾಗಿ ಕೂತಿತ್ತು ಮಗು. ಒಂದು ಹಳದಿ ಚಪ್ಪಲಿ ಕಾಲಲ್ಲಿತ್ತು. ಇನ್ನೊಂದು ನೀರಿನಲ್ಲಿ ತೇಲುತ್ತ ಆಗಲೇ ಸೇತುವೆಯ ಕಡೆಗೆ ಹೋಗುತ್ತಿತ್ತು. ಚಪ್ಪಲಿ ಕಳಚಿದ ಕಾಲು ಪಾದ ಮುಳುಗುವಷ್ಟು ನೀರಿನೊಳಗಿತ್ತು.

ಅವಳು ಕಿರುಚಲಿಲ್ಲ. ಕಿರುಚಿದರೆ ಎಲ್ಲಿ ಮುಂದಕ್ಕೆ ಜಾರೀತೋ ಎಂದು ಹಲ್ಲು ಕಚ್ಚಿ, ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದಳು. ಹಿಂದಿನಿಂದ ಎರಡೂ ತೋಳು ಹಾಕಿ ಮಗುವನ್ನು ಸೊಂಟಕ್ಕೆ ಅವುಚಿಕೊಂಡಳು. ಕಲ್ಲಿನ ಹಾಗೆ ಬಿಗಿಯಾಗಿದ್ದ ಆ ಮೈಯನ್ನು ಅಪ್ಪಿಕೊಂಡು ಆಮೇಲೆ ಅತ್ತಳು. ಸೈರನ್ ಕೂಗುತ್ತಲೇ ಇತ್ತು. ನಿಂತಿತು. ಎರಡು ಉಸಿರಿನಷ್ಟು ಹೊತ್ತಿನಲ್ಲಿ ಮತ್ತೆ ಕೂಗಿತು.

ಮಗುವನ್ನು ಹೊತ್ತು ಮನೆ ಮುಟ್ಟಿದಾಗ ಬಾಗಿಲಲ್ಲಿ ನಾಲ್ಕಾರು ಜನ ಸೇರಿದ್ದರು. ಒಳಗೆ, ಹಜಾರದ ತುದಿಯಲ್ಲಿ ಮಾವ. ವಾಕರನ್ನು ಅಡ್ಡ ಇಟ್ಟುಕೊಂಡು ಗೋಡೆಗೆ ಓರೆಯಾಗಿ, ಕೀಪ್ಯಾಡನ್ನು ಮೈಯಲ್ಲೇ ಮುಚ್ಚಿಕೊಂಡ ಹಾಗೆ ನಿಂತಿದ್ದರು. ತುತ್ತೂರಿ ಮೇಷ್ಟ್ರು ಅವರ ಮುಖದ ಹತ್ತಿರ ಮುಖ ತಂದು ಕಿರುಚುತ್ತಿದ್ದರು.

"ಆರಿಸಿ ಅಂದ್ರೆ ಆರಿಸ್ರೀ! ಬರೋದಿಲ್ಲ ಅಂದ್ರೆ ಆಚೆ ಸರೀರಿ, ನಾನು ಆರಿಸ್ತೀನಿ!"

"ಮುಟ್ಟಿದ್ರೆ ನೋಡಿ" ಎನ್ನುತ್ತಿದ್ದರು ಮಾವ.  "ಇದು ನಿಂತ್ರೆ ನನ್ನ ಮೊಮ್ಮಗಳು ಏಳ್ತಾಳೆ. ನಿಲ್ಲೋ ಹಾಗಿಲ್ಲ."

ಅವರ ಹೆಬ್ಬೆರಳು ಕೆಂಪು ಗುಂಡಿಯ ಮೇಲಿತ್ತು. ಲೋಟ ಹಿಡಿಯಲಾರದ ಕೈ ಅಲ್ಲಿ ಮಾತ್ರ ಕಚ್ಚಿ ಹಿಡಿದಂತೆ ನಿಂತಿತ್ತು. ಕಣ್ಣುಗಳು ಕೈಗಡಿಯಾರದ ಮೇಲೆ. ಎರಡು ನಿಮಿಷ ಮುಗಿಯುವುದನ್ನೇ ಕಾಯುತ್ತಿದ್ದವು.

"ಮಾವ" ಎಂದಳು ಅವಳು. "ಸಿಕ್ಕಿದ್ಲು. ಬಿಡಿ."

ಅವರು ತಲೆ ಎತ್ತಲಿಲ್ಲ. ಆ ಗದ್ದಲದಲ್ಲಿ ಕೇಳಿಸಿರಲಿಲ್ಲ. ಅವಳು ಹತ್ತಿರ ಹೋಗಿ ಮಗುವಿನ ಒದ್ದೆ ಪಾದವನ್ನು ಅವರ ಮುಂಗೈಗೆ ಮುಟ್ಟಿಸಿದಳು. ಮಾವ ಆ ಪಾದವನ್ನು ನೋಡಿದರು. ಬೆರಳು ಗುಂಡಿಯಿಂದ ಬಿಡಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕೋಡ್ ಒತ್ತಿ ಸೈರನ್ ಆರಿಸಿದಳು. ಮೇಷ್ಟ್ರು ಒದ್ದೆ ಪಾದ ನೋಡಿ, ನಾಲಿಗೆ ಕಚ್ಚಿಕೊಂಡು, ಮಾವನಿಗೆ ಕುರ್ಚಿ ಎಳೆದು ಕೊಟ್ಟರು. ಆಮೇಲೆ ಒಂದು ವಾರ ಆ ಮನೆಯಿಂದ ತುತ್ತೂರಿ ಕೇಳಿಸಲಿಲ್ಲ.

ಅಂದೇ ಅವಳು ಪುಸ್ತಕ ಬಿಚ್ಚಿದಳು. ಮೂವತ್ತೆಂಟನೇ ಪುಟ.

"ನನ್ನ ಒಂದೂವರೆ ನಿಮಿಷ ತೆಗೆದುಹಾಕಮ್ಮ" ಎಂದರು ಮಾವ. "ಬೆಂಚು ಎಲ್ಲಿಗೂ ಓಡಿ ಹೋಗಲ್ಲ. ನಾನು ಮನೇಲೇ ಕೂತಿರ್ತೀನಿ."

"ಬಾಣ ತೆಗೀತೀನಿ ಮಾವ. ನಿಮ್ಮನ್ನ ಕೂರಿಸಲ್ಲ."

ಬಾಣದ ಗುಂಡಿಯನ್ನು ಸತ್ತ ಗುಂಡಿ ಮಾಡಿದಳು. ಸೈರನ್ ಹೊತ್ತನ್ನು ಪುಸ್ತಕ ಎಷ್ಟು ಬಿಡುತ್ತದೋ ಅಷ್ಟಕ್ಕೆ ಏರಿಸಿದಳು. ಹೊಸ ಕೋಡ್ ಹಾಕಿದಳು. ಮಾವನ ಬೆರಳಿಗೆ ಸಿಗುವ ಹಾಗೆ ಮೂಲೆಯಿಂದ ಮೂಲೆಗೆ ಹೋಗುವ ಅಂಕಿಗಳು, ಒಂದು, ಐದು, ಒಂಬತ್ತು, ಮತ್ತೆ ಒಂದು. ಮರುದಿನ ಬೆಳಗಿನಿಂದ ಮಾವ ಕೀಪ್ಯಾಡಿನ ಮುಂದೆ ನಿಂತು ಅಭ್ಯಾಸ ಮಾಡಿದರು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಹಳೆಯ ಕಾಲದಲ್ಲಿ ಸ್ಪ್ರಿಂಗ್ ಕೂರಿಸುತ್ತಿದ್ದ ಹಾಗೆ ಒಂದೊಂದೇ ಗುಂಡಿ. ಹತ್ತು ಸಲಕ್ಕೆ ಎಂಟು ಸಲ ತಪ್ಪಿತು. ಮಧ್ಯಾಹ್ನದ ಹೊತ್ತಿಗೆ ಹತ್ತಕ್ಕೆ ಎರಡು. ಅಷ್ಟೂ ಹೊತ್ತು ಅವಳು ಮಗುವನ್ನು ಉಪ್ಪುಮೂಟೆ ಹೊತ್ತುಕೊಂಡು ಪಕ್ಕದಲ್ಲೇ ನಿಂತಿದ್ದಳು. ಕೆಳಗೆ ಬಿಡಲು ಧೈರ್ಯವಿರಲಿಲ್ಲ. ಬೆನ್ನ ಮೇಲೆ ಇದ್ದರೆ ಕಣ್ಣಿಗೆ ಕಾಣದಿದ್ದರೂ ಭಾರ ಗೊತ್ತಾಗುತ್ತದೆ.

ನಾಲ್ಕು ಗಂಟೆಗೆ ಸರಿಯಾಗಿ ಮಾವ ಕೋಡ್ ಒತ್ತಿದರು. ಮೊದಲ ಸಲಕ್ಕೇ ಸರಿಯಾಯಿತು. ಹೊರಟರು. ಅವಳು ಬಾಗಿಲು ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ, ಅಲಾರಂ ಹಾಕಿದಳು. ಹೊಲಿಗೆಗೆ ಕೂತಳು. ಮಗು ಬೆನ್ನ ಹಿಂದೆ ಸ್ಟೂಲಿನ ಅಂಚಿನ ಮೇಲೆ ನಿಂತು ಒಂದು ತೋಳನ್ನು ಅವಳ ಕೊರಳಿಗೆ ಹಾಕಿಕೊಂಡಿತು. ಬಿಸಿಯುಸಿರು ಕಿವಿಗೆ ತಾಕುತ್ತಿತ್ತು. ಎರಡು ದಿನದಲ್ಲಿ ಮೊದಲ ಸಲ ಅವಳಿಗೆ ನಿದ್ದೆ ಬಂದಂತಾಯಿತು.

ಬೆನ್ನಿನ ಮೇಲೆ ಒಂದು ಬೆರಳು ಒತ್ತಿತು. ಎಡ ಹೆಗಲಿನ ಹತ್ತಿರ. ಆಮೇಲೆ ನಡುಬೆನ್ನು. ಆಮೇಲೆ ಬಲಕ್ಕೆ, ಕೆಳಗೆ. ಮತ್ತೆ ಎಡ ಹೆಗಲು.

ಅವಳು ಆಟವೆಂದುಕೊಂಡಳು. ಬೆರಳು ಸ್ವಲ್ಪ ತಡೆದು ಮತ್ತೆ ಶುರು ಮಾಡಿತು. ಮೇಲೆ ಎಡಕ್ಕೆ, ನಡುವೆ, ಕೆಳಗೆ ಬಲಕ್ಕೆ, ಮೇಲೆ ಎಡಕ್ಕೆ.

ಮಿಷನ್ನಿನ ಮೇಲಿದ್ದ ಅವಳ ಕಾಲು ನಿಂತುಹೋಯಿತು. ಆರು ವರ್ಷ ಕಾದಿದ್ದಳು, ಮಗು ತನಗೆ ಏನಾದರೂ ಒಂದು ಹೇಳಲಿ ಎಂದು. ಹೇಳುತ್ತಿತ್ತು. ಹೊಸ ಕೋಡಿನ ಒಂದು ಅಂಕಿಯೂ ತಪ್ಪಿರಲಿಲ್ಲ. ಹೆಮ್ಮೆಯೂ ಭಯವೂ ಒಟ್ಟಿಗೇ ಬಂದು, ಯಾವುದಕ್ಕೆ ಅಳಬೇಕೆಂದು ತಿಳಿಯದೆ ಅವಳು ಗೋಡೆ ನೋಡುತ್ತ ಕೂತಳು.

ಐದಕ್ಕೆ ಬೆಲ್ ಆಯಿತು. ಮಾವ ಬೆಂಚಿನ ಗಾಳಿ ಕುಡಿದು ಲವಲವಿಕೆಯಿಂದ ಒಳಗೆ ಬಂದರು.

"ಮಾವ, ಕೋಡ್ ಬದಲಾಯಿಸಬೇಕು."

"ಅಯ್ಯೋ, ಯಾಕಮ್ಮಾ? ಈಗಿನ್ನೂ ಬೆರಳಿಗೆ ಕೂತಿದೆ."

"ನಿಮಗಿಂತ ಮುಂಚೆ ಅವಳಿಗೆ ಕೂತಿದೆ."

ಮಾವ ಮೊಮ್ಮಗಳನ್ನು ನೋಡಿದರು. ನಗು ಬಂತು, ಅರ್ಧಕ್ಕೇ ನಿಂತಿತು. ಬಾಗಿಲ ಕಡೆ ತಿರುಗಿ, ಅದು ಸರಿಯಾಗಿ ಹಾಕಿದೆಯೇ ಎಂದು ನೋಡಿದರು.

ಅವಳು ಕೈ ಹಿಂದೆ ಮಾಡಿ ಆ ಪುಟ್ಟ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮುಷ್ಟಿಯೊಳಗೂ ಅದು ಒತ್ತುತ್ತಲೇ ಇತ್ತು, ನಾಲ್ಕು ಸಲ, ಸ್ವಲ್ಪ ತಡೆದು ಮತ್ತೆ ನಾಲ್ಕು ಸಲ.